ವರ್ನಾ ಪೆಲ್ಕಿಯ ಸೂಜಿ ನಿಂತಾಗ

ಶಾಸನಸಭೆಯ ಬಾಗಿಲಲ್ಲಿ ಕಾವಲಿನವರು ವರ್ನಾ ಪೆಲ್ಕಿಯ ಚೀಲವನ್ನು ಹತ್ತು ಚಳಿಗಾಲ ತಪಾಸಣೆ ಮಾಡಿದ್ದಾರೆ. ಪ್ರತಿ ಸಲ ಸಿಗುತ್ತಿದ್ದುದು ಅವೇ ವಸ್ತುಗಳು: ಫ್ಲಾಸ್ಕಿನಲ್ಲಿ ಚಹಾ, ಕಾಗದದಲ್ಲಿ ಸುತ್ತಿದ ಮೊಟ್ಟೆಯ ಸ್ಯಾಂಡ್‌ವಿಚ್, ಒಂದು ದಪ್ಪ ಕಡತ, ಉಣ್ಣೆಯ ಉಂಡೆ ಮತ್ತು ಎರಡು ಉದ್ದನೆಯ ಹೆಣಿಗೆ ಸೂಜಿ.

"ಬಂದೂಕಿನೋರೆಲ್ಲ ಬಂದೂಕನ್ನ ಕಾರಲ್ಲಿ ಬಿಟ್ಟು ಬರ್ತಾರೆ. ನೀನೊಬ್ಬಳು ಎರಡು ಭರ್ಜಿ ಹಿಡ್ಕೊಂಡು ಒಳಗೆ ಹೋಗ್ತೀಯಲ್ಲ ವರ್ನಾ" ಎಂದು ಕಾವಲಿನವನು ಛೇಡಿಸುತ್ತಿದ್ದ.

"ಮುಂದಿನ ವರ್ಷ ನಿಂಗೆ ಕೈಗವಸು ಬೇಕೋ ಬೇಡ್ವೋ, ಅದನ್ನ ಹೇಳು ಮೊದ್ಲು" ಎನ್ನುತ್ತಿದ್ದಳು ಅವಳು. ಅವನ ಕೈಯಲ್ಲಿದ್ದ ಹಸಿರು ಕೈಗವಸು ಅವಳೇ ಹೆಣೆದುಕೊಟ್ಟದ್ದು. ಅವನು ನಕ್ಕು ಚೀಲ ವಾಪಸ್ ಕೊಡುತ್ತಿದ್ದ.

ನಾನು ಡ್ವೈಟ್ ಲಿಬ್ಬಿ. ಅಮೆರಿಕದ ಮೇನ್ ರಾಜ್ಯದ ರಾಜಧಾನಿ ಅಗಸ್ಟಾದಲ್ಲಿರುವ ಶಾಸನಸಭೆಯಲ್ಲಿ ಪೊಲೀಸು, ಜೈಲು, ಬಂದೂಕು ಇವುಗಳ ಮಸೂದೆಗಳು ಬಂದು ಬೀಳುವ ಒಂದು ಸಮಿತಿಗೆ ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಗುಮಾಸ್ತನಿಗೆ ಅಭಿಪ್ರಾಯ ಇರಬಾರದು. ಇದ್ದರೂ ಅದನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಬರಬೇಕು. ಈಗ ನಿವೃತ್ತನಾಗಿದ್ದೇನೆ, ಆದ್ದರಿಂದ ಜೇಬು ಖಾಲಿ ಮಾಡುತ್ತಿದ್ದೇನೆ. ಆ ಹತ್ತೊಂಬತ್ತು ವರ್ಷಗಳಲ್ಲಿ ನಾನು ನೋಡಿದ ಶಾಸಕರು, ವಕೀಲರು, ದೊಡ್ಡ ದೊಡ್ಡ ಸಂಘಗಳ ಪ್ರತಿನಿಧಿಗಳು ಇವರೆಲ್ಲರಿಗಿಂತ ಆ ಸಮಿತಿಯನ್ನು ಚೆನ್ನಾಗಿ ಬಲ್ಲವಳು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೂಪು ಕುದಿಸಿದ ಈ ಹೆಂಗಸು. ಅವಳಿಗೆ ಅದನ್ನು ಕಲಿಯುವ ಅಗತ್ಯ ಬಿದ್ದದ್ದು ನನ್ನ ತಪ್ಪಿನಿಂದ.

ನಮ್ಮಲ್ಲಿ ಮಸೂದೆಗೆ ಎರಡು ದಿನ. ಮೊದಲನೆಯದು ಅಹವಾಲಿನ ದಿನ. ಅಂದು ಯಾರು ಬೇಕಾದರೂ ಬಂದು ಮೂರು ನಿಮಿಷ ಮಾತಾಡಬಹುದು. ಬಂದೂಕಿನ ಮಸೂದೆಯೆಂದರೆ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಕಡೆ ಕಿತ್ತಳೆ ಬಣ್ಣದ ಬೇಟೆಯ ಟೋಪಿಯವರು, ಇನ್ನೊಂದು ಕಡೆ ಬಂದೂಕಿಗೆ ಕಡಿವಾಣ ಬೇಕೆನ್ನುವ, ಒಂದೇ ನಮೂನೆಯ ನೀಲಿ ಅಂಗಿಯವರು. ಕ್ಯಾಮೆರಾಗಳು ಬರುತ್ತವೆ, ಜನ ಅಳುತ್ತಾರೆ, ಗದರುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನನಗೆ ಭಾಷಣಕಾರರನ್ನು ಕಂಡರೆ ಮೊದಲಿಂದಲೂ ಆಗುವುದಿಲ್ಲ, ಅದಕ್ಕೆ ಕಾರಣ ಇಂಥ ದಿನಗಳೇ.

ಎರಡನೆಯದು ಕೆಲಸದ ದಿನ. ನಾಲ್ಕೈದು ದಿನ ಕಳೆದ ಮೇಲೆ, ಎಲ್ಲರೂ ಮನೆಗೆ ಹೋದ ಮೇಲೆ, ಸಮಿತಿಯ ಹದಿಮೂರು ಜನ ಅದೇ ಕೋಣೆಯಲ್ಲಿ ಕೂತು ತಮ್ಮತಮ್ಮಲ್ಲೇ ಮಾತಾಡಿಕೊಂಡು ಮತ ಹಾಕುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಯಾರು ಬೇಕಾದರೂ ಬಂದು ಕೂರಬಹುದು, ಆದರೆ ಬಾಯಿ ಬಿಡುವಂತಿಲ್ಲ. ಸದಸ್ಯರೊಬ್ಬರು ಅಧ್ಯಕ್ಷರ ಅನುಮತಿ ಪಡೆದು ಹೆಸರು ಹಿಡಿದು ಪ್ರಶ್ನೆ ಕೇಳಿದರೆ ಮಾತ್ರ ಉತ್ತರಿಸಬಹುದು. ಹದಿಮೂರೂ ಜನ ಬೇಡವೆಂದರೆ ಮಸೂದೆ ಅಲ್ಲೇ ಸತ್ತಿತು, ಸದನದ ಮುಖವನ್ನೂ ನೋಡುವುದಿಲ್ಲ. ಫೋಟೋದವರು ಅಂದು ಬರುವುದಿಲ್ಲ.

ವರ್ನಾ ಮೊದಲು ಬಂದದ್ದು ತಮ್ಮನನ್ನು ಕಳೆದುಕೊಂಡ ಮರುವರ್ಷ. ಅವನ ಹೆಸರು ಲೂಷನ್, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಕಾಡಿನಲ್ಲಿ ಮರ ಕಡಿಯುತ್ತಿದ್ದ. ಬೆನ್ನಿಗೆ ಪೆಟ್ಟು ಬಿದ್ದು ಮನೆಯಲ್ಲಿ ಕೂತ. ಅದೇ ಚಳಿಗಾಲದಲ್ಲಿ ಹೆಂಡತಿಯೂ ತೀರಿಕೊಂಡಳು. ಒಂದು ಮಂಗಳವಾರ ಅವನು ತನ್ನ ಮೂರು ಬೇಟೆ ಬಂದೂಕುಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಊರಿನ ಬಂದೂಕು ರಿಪೇರಿಯ ಆಲ್ಟನ್ ಬೀಲ್‌ನ ಅಂಗಡಿಗೆ ಹೋದ. ಇವನ್ನು ಮನೆಯಲ್ಲಿಟ್ಟುಕೊಳ್ಳಲು ತನಗೆ ಭಯವಾಗುತ್ತಿದೆ, ವಸಂತ ಬರುವವರೆಗೆ ನೀನಿಟ್ಟುಕೋ ಎಂದ. ಆಲ್ಟನ್ ಆಗುವುದಿಲ್ಲ ಎಂದ. ಇಟ್ಟುಕೊಂಡರೆ ಒಂದು ದಿನ ವಾಪಸ್ ಕೊಡಬೇಕು, ಕೊಟ್ಟ ಮೇಲೆ ಹೆಚ್ಚುಕಡಿಮೆಯಾದರೆ ತನ್ನನ್ನು ಕೋರ್ಟಿಗೆ ಎಳೆಯುತ್ತಾರೆ, ವಕೀಲ ಇಂಥದ್ದಕ್ಕೆ ಕೈ ಹಾಕಬೇಡವೆಂದಿದ್ದಾನೆ ಎಂದ. ಅಕ್ಕನ ಮನೆಯಲ್ಲಿಡು ಎಂದೂ ಹೇಳಿದ. "ಅಕ್ಕಂಗೆ ಹೇಳಿದ್ರೆ ಗಾಬರಿ ಆಗ್ತಾಳೆ" ಎಂದು ಲೂಷನ್ ಕಂಬಳಿಯ ಗಂಟನ್ನು ಹೊತ್ತುಕೊಂಡು ಮನೆಗೆ ಮರಳಿದ. ಶುಕ್ರವಾರದ ಹೊತ್ತಿಗೆ ಅವನಿರಲಿಲ್ಲ.

ಅಕ್ಕ ಗಾಬರಿಯಾಗುತ್ತಾಳೆಂಬ ಆ ಮಾತು ವರ್ನಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅವಳು ಊರಿನ ಶಾಸಕನನ್ನು ಹಿಡಿದು ಒಂದು ಪುಟದ ಮಸೂದೆ ಬರೆಸಿದಳು. ಯಾರಾದರೂ ತಾನಾಗಿ ತಂದುಕೊಟ್ಟ ಬಂದೂಕನ್ನು ಅಂಗಡಿಯವನು ತಾನಾಗಿ ಒಪ್ಪಿ ಇಟ್ಟುಕೊಂಡರೆ, ಇಟ್ಟುಕೊಂಡದ್ದಕ್ಕಾಗಲಿ ವಾಪಸ್ ಕೊಟ್ಟದ್ದಕ್ಕಾಗಲಿ ಅವನನ್ನು ಕೋರ್ಟಿಗೆ ಎಳೆಯುವಂತಿಲ್ಲ. ಇಷ್ಟೇ. ಕಿತ್ತಳೆ ಟೋಪಿಯವರಿಗೆ ಅದು ಬಂದೂಕು ಕಿತ್ತುಕೊಳ್ಳುವ ಮೊದಲ ಹೆಜ್ಜೆಯಾಗಿ ಕಂಡಿತು. ನೀಲಿ ಅಂಗಿಯವರಿಗೆ ಅದು ಹೊಟ್ಟೆ ತುಂಬದ ತುತ್ತು. ಎರಡೂ ಕಡೆಗೆ ಬೇಡವಾದ ಕೂಸು ಅದು.

ಅಹವಾಲಿನ ದಿನ ಅವಳು ಮೂರು ನಿಮಿಷ ಮಾತಾಡಿ, ಕೊನೆಯ ವಾಕ್ಯ ಮುಗಿಸಲಾಗದೆ ಅತ್ತಳು. ಕೋಣೆಯಲ್ಲಿ ಹಲವರ ಕಣ್ಣು ಒದ್ದೆಯಾದವು. ಎದ್ದು ಬಂದವಳು ನನ್ನ ಮೇಜಿನ ಮುಂದೆ ನಿಂತು, "ಇನ್ನೇನಾದ್ರೂ ಮಾಡಬೇಕಾ ನಾನು?" ಎಂದು ಕೇಳಿದಳು.

"ನಿಮ್ಮ ಹೇಳಿಕೆ ನಮ್ಮ ಹತ್ರ ಇದೆ. ಇನ್ನು ಮನೆಗೆ ಹೋಗಬಹುದು. ಹುಷಾರಾಗಿ ಹೋಗಿ, ರಸ್ತೆ ಜಾರತ್ತೆ" ಎಂದೆ ನಾನು.

ಅದೇ ನನ್ನ ತಪ್ಪು. ಸುಳ್ಳೇನೂ ಹೇಳಿರಲಿಲ್ಲ, ಆದರೆ ಹೇಳಬೇಕಾದದ್ದನ್ನು ಹೇಳಲಿಲ್ಲ. ಆ ದಿನ ನನಗೆ ಹಸಿವಾಗಿತ್ತು, ಇನ್ನೂ ಐವತ್ತು ಜನ ಸಾಲಿನಲ್ಲಿದ್ದರು. ಗುರುವಾರ ಕೆಲಸದ ದಿನ ಬಂತು. ಮಂಡಿಸಿದ ಶಾಸಕನೂ ಬೇರೆ ಸಮಿತಿಯಲ್ಲಿ ಸಿಕ್ಕಿಕೊಂಡಿದ್ದ. ಹದಿಮೂರು ಜನ ಹನ್ನೊಂದು ನಿಮಿಷ ಮಾತಾಡಿ ಹದಿಮೂರೂ ಜನ ಬೇಡವೆಂದರು. ನಾನೇ ಹೆಸರು ಕೂಗಿ ಮತ ಬರೆದುಕೊಂಡೆ.

ಮೂರು ವಾರದ ಮೇಲೆ ವರ್ನಾ ಒಂದು ತಗಡಿನ ಡಬ್ಬಿ ಹಿಡಿದು ನಗುತ್ತಾ ಬಂದಳು. ಡಬ್ಬಿಯ ತುಂಬ ಕಾಕಂಬಿ ಹಾಕಿ ಮಾಡಿದ ಬಿಸ್ಕತ್ತು. "ಆ ಹದಿಮೂರು ಜನ ಅಷ್ಟು ತಾಳ್ಮೆಯಿಂದ ಕೇಳಿದ್ರಲ್ಲ, ಅವರಿಗೆ. ನಿಮಗೂ ಎರಡಿದೆ" ಎಂದಳು. ಆಮೇಲೆ ಕೇಳಿದಳು: "ಯಾವಾಗ ತೀರ್ಮಾನ ಮಾಡ್ತಾರೆ?"

ನಾನು ಹೇಳಲೇಬೇಕಾಯಿತು. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ವಾಕ್ಯ ಬೇರೊಂದಿಲ್ಲ. ಅವಳು ಕೂಗಾಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಗಟ್ಟಿ ಮಾಡಿದಳು.

"ಗುರುವಾರ ಅಂದ್ರಿ. ಬಾಗಿಲು ಹಾಕಿದ್ರಾ?"

"ಇಲ್ಲ. ತೆರೆದಿತ್ತು."

"ಯಾರು ಬೇಕಾದ್ರೂ ಬಂದು ಕೂರಬಹುದಿತ್ತಾ?"

"ಹೂಂ."

"ಖಾಲಿ ಕುರ್ಚಿ ಇದ್ವಾ?"

"ಎಲ್ಲಾ ಖಾಲಿ ಇದ್ವು."

"ಹಂಗಾದ್ರೆ ಇನ್ಮೇಲೆ ಒಂದು ಖಾಲಿ ಇರಲ್ಲ" ಎಂದು ಡಬ್ಬಿಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು.  ಮರುದಿನವೇ ನಾನು ಒಂದು ಕಾಗದದ ಮೇಲೆ ದೊಡ್ಡದಾಗಿ, ಇವತ್ತಿಗೆ ಮುಗಿಯಲಿಲ್ಲ, ಕೆಲಸದ ದಿನ ಬನ್ನಿ ಎಂದು ಬರೆದು ಬಾಗಿಲ ಪಕ್ಕ ಅಂಟಿಸಿದೆ. ಅದು ಈಗಲೂ ಅಲ್ಲೇ ಇದೆಯಂತೆ.

ವರ್ನಾ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎಡಗಡೆ ಮೂರನೆಯ ಸಾಲಿನಲ್ಲಿ, ಬಿಸಿನೀರಿನ ಕೊಳವೆಯ ಪಕ್ಕದ ಕುರ್ಚಿ ಅವಳದಾಯಿತು. ತನ್ನ ಮಸೂದೆ ಇಲ್ಲದ ವರ್ಷಗಳಲ್ಲೂ ಬಂದಳು. ಬಂದೂಕಿಗೆ ಸಂಬಂಧಿಸಿದ್ದು ಏನೇ ಬರಲಿ, ಬೇಟೆಯ ಪರವಾನಗಿಯಾಗಲಿ, ಶಾಲೆಯ ಆವರಣದ ನಿಯಮವಾಗಲಿ, ಕೆಲಸದ ದಿನ ಅವಳು ಹಾಜರು. ಮಸೂದೆಗಳನ್ನು ಅಕ್ಕಿ ಆರಿಸಿದ ಹಾಗೆ ಓದುತ್ತಿದ್ದಳು. ಯಾವ ಪದದಲ್ಲಿ ಕಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಎರಡು ವರ್ಷದ ಹೊತ್ತಿಗೆ ಕಿತ್ತಳೆ ಟೋಪಿಯವರೂ ನೀಲಿ ಅಂಗಿಯವರೂ ಕಾರಿಡಾರಿನಲ್ಲಿ ಅವಳನ್ನು ತಡೆದು, "ವರ್ನಾ, ಇದು ಮುಂದೆ ಎಲ್ಲಿಗೆ ಹೋಗತ್ತೆ?" ಎಂದು ಕೇಳತೊಡಗಿದ್ದರು. ಅವಳು ಇಬ್ಬರಿಗೂ ಹೇಳಿಕೊಡುತ್ತಿದ್ದಳು. ಇಬ್ಬರನ್ನೂ ಬೈಯುತ್ತಲೂ ಇದ್ದಳು: "ಅಹವಾಲಿನ ದಿನ ಬಸ್ಸು ಮಾಡ್ಕೊಂಡು ಬರ್ತೀರ. ಕೆಲಸದ ದಿನ ಒಬ್ಬರೂ ಗತಿ ಇಲ್ಲ. ಚರ್ಚಿಗೆ ಮದುವೆಗೆ ಅಂತ ಬಂದು ಉಂಗುರ ಹಾಕೋ ಹೊತ್ತಿಗೆ ಎದ್ದುಹೋಗೋ ಜನ ನೀವು."  

ಸುಮ್ಮನೆ ಕೂರಬೇಕಲ್ಲ, ಅದಕ್ಕೆ ಹೆಣೆಯುತ್ತಿದ್ದಳು. ಸೂಜಿಗಳ ಟಿಕ್‌ಟಿಕ್ ಆ ಕೋಣೆಯ ಗೋಡೆ ಗಡಿಯಾರದ ಹಾಗೆ ಎಲ್ಲರಿಗೂ ರೂಢಿಯಾಯಿತು. ಅದು ನಿಂತದ್ದನ್ನು ಮೊದಲು ಗಮನಿಸಿದವರು ವೆಂಡಲ್ ಟಾರ್. ಅವರು ಕರಾವಳಿಯ ಶಾಸಕರು, ಎಪ್ಪತ್ತು ದಾಟಿದವರು, ಸೀಗಡಿಯ ದೊಡ್ಡಣ್ಣನಂಥ ಲಾಬ್‌ಸ್ಟರ್ ಹಿಡಿದು ಬದುಕಿದವರು, ಎಂಜಿನ್ನಿನ ಸದ್ದು ಬದಲಾದರೆ ಕಿವಿ ನಿಮಿರುವ ಜಾತಿ. ಒಂದು ದಿನ ಯಾರೋ ಸದಸ್ಯರು, ಈ ನಿಯಮ ಹತ್ತು ವರ್ಷದಿಂದ ಇದೆ, ಬದಲಾಗಿಲ್ಲ ಎಂದು ಹೇಳುತ್ತಿದ್ದರು. ಸೂಜಿ ನಿಂತಿತು. ವೆಂಡಲ್ ಕತ್ತೆತ್ತಿದರು.

"ಅಧ್ಯಕ್ಷರ ಅನುಮತಿ ಇದ್ರೆ, ಮೂರನೇ ಸಾಲಲ್ಲಿ ಕೂತಿರೋ ವರ್ನಾ ಪೆಲ್ಕಿ ಅವರನ್ನ ಒಂದು ಮಾತು ಕೇಳ್ಬೇಕು. ಯಾಕೆ ನಿಲ್ಲಿಸಿದ್ರಿ?"

"ಹೋದ ಅಧಿವೇಶನದಲ್ಲಿ ನೀವೇ ಬದಲಾಯಿಸಿದೀರಿ ಸ್ವಾಮಿ. ನೀವೂ ಹೂಂ ಅಂದಿದೀರಿ" ಎಂದಳು ವರ್ನಾ.

ನಾನು ಕಡತ ತೆಗೆದು ನೋಡಿದೆ. ಹೌದು. ಅಂದಿನಿಂದ ಅದೊಂದು ಪದ್ಧತಿಯಾಯಿತು. ಸಮಿತಿಯಲ್ಲಿ ಯಾರೂ ಅದನ್ನು ಬರೆದಿಡಲಿಲ್ಲ, ಯಾರೂ ಮುರಿಯಲೂ ಇಲ್ಲ. ಸೂಜಿ ನಿಂತರೆ ಪ್ರಶ್ನೆ. ವರ್ನಾ ಆ ಅಧಿಕಾರವನ್ನು ಒಂದು ಸಲವೂ ದುರುಪಯೋಗ ಮಾಡಿಕೊಳ್ಳಲಿಲ್ಲ. ಅವಳಿಗೆ ಸಿಟ್ಟು ಬಂದಾಗ ಹೆಣಿಗೆ ಇನ್ನಷ್ಟು ಜೋರಾಗುತ್ತಿತ್ತು, ತಪ್ಪು ಕೇಳಿದಾಗ ಮಾತ್ರ ನಿಲ್ಲುತ್ತಿತ್ತು.

ಆರು ವರ್ಷ ಕಳೆದ ಮೇಲೆ ಅವಳ ಮಸೂದೆ ಮತ್ತೆ ಬಂತು. ಈ ಸಲ ಕೆಲಸದ ದಿನ ಅವಳು ಅಲ್ಲೇ ಇದ್ದಳು. ಆದರೂ ಸೋತಿತು. ಸೋಲಿಸಿದ್ದು ವೆಂಡಲ್ ಅವರ ಒಂದೇ ಪ್ರಶ್ನೆ. "ಇದು ಅಂಗಡಿಯವರಿಗೆ ರಕ್ಷಣೆ ಕೊಡೋ ಕಾನೂನು. ಸರಿ. ನಮಗಿದು ಬೇಕು ಅಂತ ಬಂದ ಅಂಗಡಿಯವನು ಒಬ್ಬನಾದ್ರೂ ಇದಾನಾ?" ಎಂದರು. ಯಾರೂ ಇರಲಿಲ್ಲ. ಸೂಜಿ ಟಿಕ್‌ಟಿಕ್ ಎನ್ನುತ್ತಲೇ ಇತ್ತು. ಎಂಟು ಜನ ಬೇಡವೆಂದರು, ಐದು ಜನ ಬೇಕೆಂದರು. ಸದನ ಎಂಟು ಜನರ ಮಾತನ್ನೇ ಕೇಳಿತು.

ಅಂದು ಕಾರು ನಿಲ್ಲಿಸುವ ಜಾಗದಲ್ಲಿ ಅವಳ ಗಾಜಿನ ಮೇಲಿನ ಮಂಜು ಕೆರೆದುಕೊಡುತ್ತಾ ನಾನು, "ಬೇಜಾರು ಮಾಡ್ಕೋಬೇಡ" ಎಂದೆ.

"ವೆಂಡಲ್ ಕೇಳಿದ್ರಲ್ಲಿ ತಪ್ಪಿಲ್ಲ ಡ್ವೈಟ್. ಸರಿಯಾದ ಪ್ರಶ್ನೆ. ಅದಕ್ಕೇ ಸೂಜಿ ನಿಲ್ಲಿಸ್ಲಿಲ್ಲ. ಉತ್ತರ ನಮ್ಮನೆಯಿಂದ ಎರಡು ಮೈಲಿ ದೂರದಲ್ಲಿದೆ. ಆ ಮುಖ ನೋಡೋಕೆ ನನ್ನ ಕೈಲಾಗಲ್ಲ, ಅಷ್ಟೇ."

ಆ ಎರಡು ಮೈಲಿ ದಾಟಲು ಅವಳಿಗೆ ಇನ್ನೂ ನಾಲ್ಕು ವರ್ಷ ಹಿಡಿಯಿತು. ಮಸೂದೆ ಮೂರನೆಯ ಸಲ ಬಂದು, ಅಹವಾಲು ಮುಗಿದ ಮರುದಿನ ಅವಳು ಆಲ್ಟನ್ ಬೀಲ್‌ನ ಅಂಗಡಿಗೆ ಹೋದಳು. ಅಲ್ಲಿ ನಡೆದದ್ದನ್ನು ಆಲ್ಟನ್ ನನಗೆ ಆಮೇಲೆ ಹೇಳಿದ. ಅವನು ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಒಂದು ಹಳೆಯ ಬಂದೂಕಿನ ಕುದುರೆ ಸರಿಮಾಡುತ್ತಿದ್ದನಂತೆ. ಅವಳು ಬೂಟಿನ ಹಿಮ ಕೊಡವಿ ಒಳಗೆ ಬಂದು, ಮೇಜಿನ ಮೇಲೆ ಆ ಒಂದು ಪುಟ ಇಟ್ಟಳು.

"ಓದು."

ಅವನು ಓದಿದ. "ಇದು ಲೂಷನ್‌ಗೆ ಅಂತ ಬರೆದಿರೋದು."

"ಲೂಷನ್‌ಗೆ ಇನ್ನು ಯಾವ ಕಾನೂನೂ ಬೇಡ. ಮುಂದೆ ಬರೋನಿಗೆ."

"ಹನ್ನೊಂದು ವರ್ಷ ನನ್ನ ಅಂಗಡಿ ಮುಂದೆ ಹೋಗೋವಾಗೆಲ್ಲ ಮುಖ ಆ ಕಡೆ ತಿರುಗಿಸ್ಕೊಂಡು ಹೋದೆ ನೀನು."

"ನಾಳೆನೂ ತಿರುಗಿಸ್ಕೊಂಡೇ ಹೋಗ್ತೀನಿ. ನಿನ್ನ ಕ್ಷಮಿಸೋಕೆ ಬಂದಿಲ್ಲ ನಾನು. ಕೆಲಸದ ದಿನ ಅಗಸ್ಟಾಗೆ ಬಾ ಅಂತ ಹೇಳೋಕೆ ಬಂದೆ."

"ಬಂದು ಏನು ಹೇಳ್ಲಿ?"

"ನಡೆದದ್ದು."

"ನನ್ನ ಗಿರಾಕಿಗಳೆಲ್ಲ ಕಿತ್ತಳೆ ಟೋಪಿಯೋರು ವರ್ನಾ. ನೀನು ಆ ಕಡೆ ಸೇರ್ಕೊಂಡ್ಯಾ ಅಂತ ನನ್ನ ಹರಿದು ತಿಂತಾರೆ."

"ಗೊತ್ತು."

"ನೋಡೋಣ" ಎಂದ ಆಲ್ಟನ್. ನಮ್ಮ ಕಡೆ ನೋಡೋಣ ಎಂದರೆ ಹತ್ತರಲ್ಲಿ ಒಂಬತ್ತು ಸಲ ಇಲ್ಲವೆಂದೇ ಅರ್ಥ. ಅವಳಿಗೂ ಅದು ಗೊತ್ತಿತ್ತು.

ಕೆಲಸದ ದಿನ ಎರಡು ಸಲ ಮುಂದಕ್ಕೆ ಹೋಯಿತು, ಒಮ್ಮೆ ಹಿಮಪಾತಕ್ಕೆ, ಒಮ್ಮೆ ಅಧ್ಯಕ್ಷೆಯ ಜ್ವರಕ್ಕೆ. ಎರಡು ಸಲವೂ ನಾನೇ ವರ್ನಾಳಿಗೆ ಫೋನ್ ಮಾಡಿ ಹೊಸ ದಿನ, ಹೊಸ ಗಂಟೆ ಹೇಳಿದೆ. ಎರಡು ಸಲವೂ ಅವಳು ಅದನ್ನು ಒಂದು ಚೀಟಿಯಲ್ಲಿ ಬರೆದು, ಒಳಗೆ ಹೋಗದೆ, ಆಲ್ಟನ್‌ನ ಅಂಗಡಿಯ ಬಾಗಿಲಿಗೆ ಅಂಟಿಸಿ ಬಂದಳು. ಕೊನೆಗೆ ಉಳಿದದ್ದು ಗಡುವಿನ ಶುಕ್ರವಾರ. ಅಂದು ಸಮಿತಿಯಿಂದ ಹೊರಬೀಳದ ಮಸೂದೆ ಆ ಅಧಿವೇಶನಕ್ಕೆ ಮುಗಿದ ಹಾಗೆಯೇ. ಅವಳಿಗಾಗ ಅರವತ್ತೇಳು. ಇನ್ನೊಂದು ಸಲ ಶಾಸಕನನ್ನು ಹುಡುಕಿ, ಬರೆಸಿ, ಕಾಯುವ ಶಕ್ತಿ ತನಗಿಲ್ಲವೆಂದು ಅವಳೇ ನನಗೆ ಹೇಳಿದ್ದಳು.

ಆ ಶುಕ್ರವಾರ ಬೆಳಗಿನಿಂದ ಮಂಜುಗಡ್ಡೆಯ ಮಳೆ. ಕೋಣೆಯಲ್ಲಿ ಹದಿಮೂರು ಸದಸ್ಯರು, ನಾನು, ಫೋನು ನೋಡಿಕೊಂಡು ಕೂತಿದ್ದ ಇಬ್ಬರು ಸಂಘದವರು, ಮತ್ತೆ ಮೂರನೆಯ ಸಾಲಿನಲ್ಲಿ ವರ್ನಾ. ಕೆಂಪು ಉಣ್ಣೆ ತಂದಿದ್ದಳು. ಅವಳ ಮಸೂದೆ ಪಟ್ಟಿಯ ಕೊನೆಯಲ್ಲಿತ್ತು. ಅಧ್ಯಕ್ಷೆ ಐರೀನ್ ಕಾಬ್ ಗಡಿಯಾರ ನೋಡುತ್ತಾ ಒಂದೊಂದನ್ನೇ ಮುಗಿಸಿದರು. ವರ್ನಾ ಒಂದು ಸಲವೂ ಹಿಂದೆ ತಿರುಗಿ ಬಾಗಿಲು ನೋಡಲಿಲ್ಲ. ನಾನು ಮಾತ್ರ ಪುಟ ಮಗುಚುವ ನೆಪದಲ್ಲಿ ಹತ್ತು ಸಲ ನೋಡಿದೆ.

ಕೊನೆಗೂ ಅವಳ ಸರದಿ ಬಂತು. ವೆಂಡಲ್ ಗಂಟಲು ಸರಿಮಾಡಿಕೊಂಡರು. "ನಾಲ್ಕು ವರ್ಷದ ಹಿಂದೆ ಕೇಳಿದ್ದನ್ನೇ ಕೇಳ್ತೀನಿ. ಅಂಗಡಿಯವರು ಯಾರಾದ್ರೂ ಇದನ್ನ ಕೇಳಿದಾರಾ?"

ಬೆಟ್ಟದ ಕಡೆಯ ಸದಸ್ಯರೊಬ್ಬರು ಕೂತಲ್ಲಿಂದಲೇ, "ಇಡೀ ರಾಜ್ಯದಲ್ಲಿ ಒಬ್ಬನೂ ಇಲ್ಲ. ಅಹವಾಲಿನ ದಿನ ಒಬ್ಬನೂ ಬರ್ಲಿಲ್ಲ. ಬೇಡ ಅಂತ ನಿರ್ಣಯ ಮಾಡಿ ಊಟಕ್ಕೆ ಹೋಗೋಣ" ಎಂದರು.

ಸೂಜಿ ನಿಂತಿತು.

ಕೋಣೆಗೆ ಕೋಣೆಯೇ ಅದನ್ನು ಕೇಳಿಸಿಕೊಂಡಿತು. ವೆಂಡಲ್ ಪೆನ್ನು ಕೆಳಗಿಟ್ಟರು. "ಅಧ್ಯಕ್ಷರೇ, ವರ್ನಾ ಅವರ ಸೂಜಿ ನಿಂತಿದೆ."

"ನಂಗೂ ಕೇಳಿಸ್ತು" ಎಂದರು ಐರೀನ್. "ಕೇಳಿ. ಬೇಗ ಕೇಳಿ."

ವರ್ನಾ ಎದ್ದು ನಿಂತಳು. "ನಾನು ಹೇಳೋದಲ್ಲ ಇದು. ನನ್ನ ಹಿಂದೆ ಬಾಗಿಲ ಹತ್ರ ಆಲ್ಟನ್ ಬೀಲ್ ನಿಂತಿದಾನೆ. ಅವನ್ನ ಕೇಳಿ" ಎಂದು ಕೂತುಬಿಟ್ಟಳು.

ನಾನು ತಿರುಗಿ ನೋಡಿದೆ. ಒದ್ದೆ ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು ಒಬ್ಬ ಎತ್ತರದ ಮನುಷ್ಯ ಗೋಡೆಗೊರಗಿ ನಿಂತಿದ್ದ. ಟೋಪಿ ಕಿತ್ತಳೆಯದೇ. ತಿರುಗಿ ನೋಡದೆ ಅವಳಿಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದ್ದಕ್ಕೆ, "ಬಂದೂಕಿನ ಎಣ್ಣೆ ವಾಸನೆ ಬಂತು. ನನ್ನ ತಮ್ಮನ ಅಂಗಿಯಲ್ಲೂ ಅದೇ ವಾಸನೆ ಇರ್ತಿತ್ತು" ಎಂದಳು.

ಆಲ್ಟನ್ ಮುಂದೆ ಬಂದು ಕುರ್ಚಿಯಲ್ಲಿ ಕೂರದೆ ಅದರ ಬೆನ್ನು ಹಿಡಿದು ನಿಂತ. ಅಧ್ಯಕ್ಷರಿಗೆ ವಂದನೆ, ಮಾನ್ಯ ಸದಸ್ಯರಿಗೆ ವಂದನೆ ಎಂಬುದೆಲ್ಲ ಅವನಿಗೆ ಬಾರದು.

"ಹನ್ನೊಂದು ವರ್ಷದ ಹಿಂದೆ ಒಬ್ಬ ಮೂರು ಬಂದೂಕು ತಂದು ಇಟ್ಕೋ ಅಂದ. ನಾನು ಆಗಲ್ಲ ಅಂದೆ. ಅವನು ಈಕೆ ತಮ್ಮ" ಎಂದ.

ಬೆಟ್ಟದ ಕಡೆಯ ಸದಸ್ಯರು ಮುಂದಕ್ಕೆ ಬಾಗಿದರು. "ನೀನೇ ಬೇಟೆಗಾರ, ಹೇಳಪ್ಪ. ಇದು ನಮ್ಮ ಬಂದೂಕು ಕಿತ್ಕೊಳ್ಳೋಕೆ ದಾರಿ ಮಾಡಲ್ವಾ?"

"ಅವನ ಕೈಯಿಂದ ಯಾರೂ ಕಿತ್ಕೊಂಡಿರ್ಲಿಲ್ಲ ಸ್ವಾಮಿ. ಅವನೇ ತಂದಿದ್ದ. ತನ್ನ ಹತ್ರ ಬೇಡ ಅಂತ ಅವನು ತಂದುಕೊಟ್ಟದ್ದನ್ನ ನಾನೇ ವಾಪಸ್ ಅವನ ಕೈಗೆ ಕೊಟ್ಟು ಕಳಿಸ್ದೆ."

 ಕೊಳವೆಯಲ್ಲಿ ಬಿಸಿನೀರು ಗುಳುಗುಳು ಎನ್ನುವುದು ಕೇಳುತ್ತಿತ್ತು.

ವೆಂಡಲ್ ಮೆಲ್ಲಗೆ ಕೇಳಿದರು: "ಅವತ್ತು ಈ ಕಾನೂನು ಇದ್ದಿದ್ರೆ ಇಟ್ಕೊಳ್ತಿದ್ಯಾ?"

"ಇಟ್ಕೊಳ್ತಿದ್ದೆ. ಕಪಾಟಲ್ಲಿ ಜಾಗ ಇತ್ತು."

ನಾನು ಹೆಸರು ಕೂಗಿದೆ. ನಡುವೆ ಎರಡು ಸಲ ನೀರು ಕುಡಿದೆ. ವೆಂಡಲ್ ಹೂಂ ಎಂದರು. ಐರೀನ್ ಹೂಂ ಎಂದರು. ಬೆಟ್ಟದ ಕಡೆಯವರು ಇಲ್ಲ ಎಂದರು. ಒಂಬತ್ತು ಜನ ಬೇಕೆಂದರು, ನಾಲ್ಕು ಜನ ಬೇಡವೆಂದರು. ನಾನು ಅಂಕಿಯನ್ನು ಓದುವ ಹೊತ್ತಿಗೆ ಸೂಜಿಯ ಸದ್ದು ಮತ್ತೆ ಶುರುವಾಗಿತ್ತು. ಆದರೆ ಹೆಣಿಗೆಯ ಆ ಸಾಲನ್ನು ಆಮೇಲೆ ಅವಳು ಪೂರ್ತಿ ಬಿಚ್ಚಬೇಕಾಯಿತು, ಕಣ್ಣು ಮಂಜಾಗಿ ಕುಣಿಕೆ ತಪ್ಪಿಸಿದ್ದಳು.

ಆಲ್ಟನ್ ಟೋಪಿ ಹಾಕಿಕೊಂಡು ಹೊರಟುಹೋದ. ಅವನ ಕೆಲವು ಗಿರಾಕಿಗಳು ಆ ವರ್ಷ ಬೇರೆ ಅಂಗಡಿ ನೋಡಿಕೊಂಡರೆಂದು ಕೇಳಿದೆ.

ಕಾಗದ ಜೋಡಿಸಿಕೊಳ್ಳುತ್ತಿದ್ದ ನನ್ನ ಮೇಜಿನ ಮುಂದೆ ವರ್ನಾ ಬಂದು ನಿಂತಳು. ಹತ್ತು ವರ್ಷದ ಹಿಂದೆ ನಿಂತ ಜಾಗದಲ್ಲೇ. ನಾನು ಅವಳು ಕೇಳುವ ಮೊದಲೇ ಹೇಳಿದೆ: "ಇವತ್ತಿಗೆ ಮುಗೀಲಿಲ್ಲ. ಮಂಗಳವಾರ ಸದನಕ್ಕೆ ಹೋಗತ್ತೆ. ಆಮೇಲೆ ಮೇಲ್ಮನೆ. ನೀನು ಬರ್ಬೇಕು."

"ಗೊತ್ತಯ್ಯ, ನಂಗೇ ಹೇಳ್ಕೊಡ್ತೀಯಲ್ಲ" ಎಂದಳು. ಕೋಟಿನ ಗುಂಡಿ ಹಾಕಿಕೊಂಡು, "ಹುಷಾರಾಗಿ ಮನೆಗೆ ಹೋಗು ಡ್ವೈಟ್. ರಸ್ತೆ ಜಾರತ್ತೆ" ಎಂದಳು.

ಅವಳ ಮುಖದಲ್ಲಿ ನಗುವಿತ್ತು. ಹತ್ತು ವರ್ಷ ಆ ಮಾತನ್ನು ಅವಳು ಮರೆತಿರಲಿಲ್ಲ, ನನಗೆ ಒಮ್ಮೆಯೂ ಎತ್ತಿ ಆಡಿರಲಿಲ್ಲ. ನಾನು ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಎಂಜಿನ್ ಶುರುಮಾಡದೆ ಅತ್ತೆ.

ಸದನಗಳಲ್ಲಿ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಸಮಿತಿ ದಾಟಿದ ಮಸೂದೆಗೆ ಕಾಲು ತಾನಾಗಿ ಬರುತ್ತದೆಂದು ವರ್ನಾ ಹೇಳುತ್ತಿದ್ದಳು, ಹಾಗೆಯೇ ಆಯಿತು. ಬೇಸಿಗೆಯಲ್ಲಿ ರಾಜ್ಯಪಾಲರ ಸಹಿ ಬಿತ್ತು. ಶರತ್ಕಾಲದಲ್ಲಿ ಕಾನೂನು ಜಾರಿಗೆ ಬಂತು, ನಾನೂ ನಿವೃತ್ತನಾದೆ. ಈಗ ಶನಿವಾರ ಮಧ್ಯಾಹ್ನ ಅವಳ ಮನೆಯಲ್ಲಿ ಒಲೆಯ ಮೇಲೆ ಬೇಯಿಸಿದ ಬೀನ್ಸ್ ಕಾಳಿನ ಊಟಕ್ಕೆ ಹೋಗುತ್ತೇನೆ.

ಜಿಂಕೆ ಬೇಟೆಯ ಕಾಲ ಮುಗಿದ ಮೇಲಿನ ಒಂದು ಶನಿವಾರ ನಾನು ಅಲ್ಲಿರುವಾಗಲೇ ಫೋನು ಬಂತು. ಅವಳು ಕೇಳಿಸಿಕೊಂಡು, "ಹೆಸರು ಹೇಳ್ಬೇಡ ನಂಗೆ" ಎಂದಷ್ಟೇ ಹೇಳಿ ಇಟ್ಟಳು.

"ಯಾರು?"

"ಆಲ್ಟನ್. ಕಪಾಟಲ್ಲಿ ಒಂದು ಬಂದು ಕೂತಿದೆಯಂತೆ."

ಆ ಚಳಿಗಾಲವೆಲ್ಲ ಅವಳು ಆ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಆದರೆ ಫೋನು ಹೊಡೆದುಕೊಂಡಾಗಲೆಲ್ಲ ಅವಳ ಸೂಜಿ ನಿಲ್ಲುವುದನ್ನು ನಾನು ಕೇಳುತ್ತಿದ್ದೆ.

ಏಪ್ರಿಲಿನಲ್ಲಿ ಹಿಮ ಕರಗಿ ರಸ್ತೆಯೆಲ್ಲ ಕೆಸರಾದಾಗ ಆಲ್ಟನ್ ಮತ್ತೆ ಫೋನ್ ಮಾಡಿದ. ಅವಳಿಗೆ ಈಚೆಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಅವನ ಮಾತು ನನಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ಇವತ್ತು ಬೆಳಿಗ್ಗೆ ಬಂದು ತಗೊಂಡು ಹೋದ."

"ಹೆಂಗಿದ್ದ?"

"ಶಿಳ್ಳೆ ಹಾಕ್ತಿದ್ದ. ಟ್ರೌಟ್ ಮೀನು ಗಾಳಕ್ಕೆ ಬೀಳ್ತಿದ್ಯಾ ಅಂತ ಕೇಳ್ದ. ಚೆನ್ನಾಗಿದ್ದ ವರ್ನಾ."

ವರ್ನಾ ಫೋನು ಇಟ್ಟಳು. ಕುರ್ಚಿಯಲ್ಲಿ ಕೂತು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು, ಸದ್ದು ಮಾಡಿ ಅತ್ತಳು. ಲೂಷನ್ ಕೇಳಿದ್ದೂ ಇಷ್ಟೇ, ವಸಂತ ಬರುವವರೆಗೆ. ನಾನು ಒಲೆಯ ಮೇಲಿನ ಕಾಳು ತಳ ಹಿಡಿಯದ ಹಾಗೆ ತಿರುವುತ್ತಾ ನಿಂತೆ.

ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು, ಬುಟ್ಟಿಯಲ್ಲಿ ಕೈಯಾಡಿಸಿ ಕಿತ್ತಳೆ ಬಣ್ಣದ ಉಣ್ಣೆಯ ಉಂಡೆಯೊಂದನ್ನು ತೆಗೆದಳು. ಸೂಜಿಗೆ ಮೊದಲ ಕುಣಿಕೆ ಏರಿಸುತ್ತಾ ಕೇಳಿದಳು:

"ಡ್ವೈಟ್, ಆಲ್ಟನ್ ಕೈ ನೋಡಿದೀಯಲ್ಲ. ನಿನ್ನ ಕೈಗಿಂತ ದೊಡ್ಡದಾ?"